ಗಂಧದ ಕೋಠಿಯ ಕೆರೆಯ ಬಳಿ

ಬೆಂಗಳೂರಿನ ಮಲ್ಲೇಶ್ವರಕ್ಕೂ ಸದಾಶಿವನಗರಕ್ಕೂ ನಡುವೆ ಹಬ್ಬಿರುವ ಸ್ಯಾಂಕಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನಡೆದಾಡುವವರಿಗೆ ಲೆಕ್ಕವಿಲ್ಲ. ವೈದ್ಯರ ಆಜ್ಞೆಗೆ ತಲೆಬಾಗಿ ಬಂದವರು, ಮೊಮ್ಮಕ್ಕಳ ಕೈಹಿಡಿದು ಬಂದ ಅಜ್ಜಂದಿರು, ಕೆರೆಯ ಗಾಳಿಗಾಗಿಯೇ ಬಂದವರು, ಎಲ್ಲರೂ ಉಂಟು. 1882ರಲ್ಲಿ ಈ ಕೆರೆಯನ್ನು ಕಟ್ಟಿಸಿದ ಕರ್ನಲ್ ರಿಚರ್ಡ್ ಸ್ಯಾಂಕಿಯ ಹೆಸರು ಅದಕ್ಕೆ ಅಂಟಿಕೊಂಡಿದೆ. ಆದರೆ ಹಳಬರ ಬಾಯಲ್ಲಿ ಅದು ಗಂಧದ ಕೋಠಿಯ ಕೆರೆ. ಸರ್ಕಾರದ ಶ್ರೀಗಂಧದ ಕೋಠಿ ಒಂದು ಕಾಲದಲ್ಲಿ ಅದರ ಪಕ್ಕದಲ್ಲೇ ಇದ್ದಿತು. ಆ ಕೋಠಿ ಈಗಿಲ್ಲ. ಹೆಸರೂ ಮರೆಯಾಗುತ್ತ ಬಂದಿದೆ. ಆದರೂ ಗಂಧದ ನಂಟು ಆ ನೆಲವನ್ನು ಪೂರ್ತಿಯಾಗಿ ಬಿಟ್ಟುಹೋಗಿಲ್ಲ.

ಕೆರೆಯಿಂದ ಅಷ್ಟೇನೂ ದೂರವಲ್ಲದ ಮಲ್ಲೇಶ್ವರದ ಹದಿನೆಂಟನೆಯ ಅಡ್ಡರಸ್ತೆಯಲ್ಲಿ ಮರಗಳ ನೆರಳಿನ ಒಂದು ಆವರಣವಿದೆ. 1938ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ಸ್ಥಾಪಿಸಿದ ಅರಣ್ಯ ಸಂಶೋಧನಾಲಯದ ಸಂತತಿ ಅದು. ಮುಂದೆ ಅದು ಕೇಂದ್ರ ಸರ್ಕಾರದ ಕೈಸೇರಿತು. 1977ರಲ್ಲಿ ಶ್ರೀಗಂಧಕ್ಕಾಗಿಯೇ ಒಂದು ಸಂಶೋಧನಾ ಕೇಂದ್ರ ಜೊತೆಗೂಡಿತು. 1988ರಲ್ಲಿ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಎಂಬ ಈಗಿನ ಹೆಸರು ಬಂದಿತು. ಬೀದಿಯಲ್ಲಿ ಹೋಗುವವರಿಗೆ ಇದೂ ಇನ್ನೊಂದು ಸರ್ಕಾರಿ ಕಚೇರಿಯಂತೆಯೇ ಕಂಡೀತು. ಕನ್ನಡ ನಾಡು ತನ್ನದೆಂದು ಹೆಮ್ಮೆಪಡುವ ಮರವೊಂದರ ಕಾಯಿಲೆಗೆ ಮದ್ದು ಹುಡುಕುವ ಕೆಲಸವೂ ಇದರ ಪಾಲಿಗೆ ಬಂದಿದೆಯೆಂಬುದು ಬಹಳ ಮಂದಿಗೆ ತಿಳಿಯದು.

ಶ್ರೀಗಂಧವೆಂದರೆ ದೇವರ ಮನೆಯ ಸಾಣೆಕಲ್ಲು, ಮದುವೆಯ ಮನೆಯ ಬೆಳ್ಳಿ ಬಟ್ಟಲು, ಸಾಬೂನಿನ ಪರಿಮಳ; ಮನೆಮಂದಿಗೆ ಅದರ ಪರಿಚಯ ಇಷ್ಟರಲ್ಲೇ ಮುಗಿಯುತ್ತದೆ. ಮರವನ್ನು ಕಣ್ಣಾರೆ ಕಂಡವರು ಕಡಿಮೆ. ಕಂಡರೂ ಗುರುತಿಸುವುದು ಸುಲಭವಲ್ಲ. ಸಾಧಾರಣ ಎತ್ತರದ, ತೆಳುವಾದ ಕೊಂಬೆಗಳ, ಯಾವ ಆಡಂಬರವೂ ಇಲ್ಲದ ಮರ ಅದು. ಎಲೆಯನ್ನು ಹೊಸಕಿದರೆ ಗಂಧವಿಲ್ಲ, ಹೂವನ್ನು ಮೂಸಿದರೂ ಆ ಪರಿಮಳವಿಲ್ಲ. ಇರುವುದೆಲ್ಲ ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಚೇಗು ಕಟ್ಟಲು ತೊಡಗುವುದಕ್ಕೇ ಹತ್ತು ವರ್ಷದ ಆಸುಪಾಸು ಬೇಕು. ಅದು ಬಲಿಯಲು ಇನ್ನೂ ಹಲವು ವರ್ಷ.

ಇದಕ್ಕಿಂತ ವಿಚಿತ್ರವಾದ ಗುಣವೊಂದು ಅದರ ಬೇರಿನಲ್ಲಿದೆ. ಶ್ರೀಗಂಧ ಪೂರ್ತಿಯಾಗಿ ಸ್ವತಂತ್ರವಾದ ಮರವಲ್ಲ. ಹಸಿರೆಲೆಯಿಂದ ತನ್ನ ಅನ್ನವನ್ನು ತಾನೇ ಮಾಡಿಕೊಳ್ಳುತ್ತದೆ, ನಿಜ. ಆದರೆ ನೀರಿಗೂ ಲವಣಗಳಿಗೂ ಪಕ್ಕದ ಗಿಡಗಳ ಬೇರಿಗೆ ತನ್ನ ಹೀರುಬೇರನ್ನು ಚುಚ್ಚಿ ಎಳೆದುಕೊಳ್ಳುತ್ತದೆ. 1871ರಲ್ಲಿ ಜಾನ್ ಸ್ಕಾಟ್ ಎಂಬ ಸಸ್ಯಶಾಸ್ತ್ರಜ್ಞ ಈ ಗುಟ್ಟನ್ನು ಲೋಕಕ್ಕೆ ತಿಳಿಸಿದ. ಹೊಂಗೆ, ಬೇವು, ತೊಗರಿ, ಬೇಲಿಯ ಮುಳ್ಳುಗಿಡ, ಏನಾದರೂ ಒಂದು ಪಕ್ಕದಲ್ಲಿರಬೇಕು. ಒಂಟಿಯಾಗಿ ನೆಟ್ಟ ಗಂಧದ ಸಸಿ ಕೆಲವು ಕಾಲದಲ್ಲೇ ಸೊರಗುತ್ತದೆ. ಹಕ್ಕಿಗಳು ಅದರ ಕಪ್ಪು ಹಣ್ಣನ್ನು ತಿಂದು ಬೀಜವನ್ನು ಬೇಲಿಯ ಸಾಲಿನಲ್ಲಿ ಬೀಳಿಸುತ್ತವೆ. ಅಲ್ಲಿ ನೆರೆಹೊರೆಗೆ ಕೊರತೆಯಿಲ್ಲ. ಹಳೆಯ ಮೈಸೂರಿನ ಹೊಲದ ಬೇಲಿಗಳಲ್ಲಿ ಯಾರೂ ನೆಡದ ಗಂಧದ ಮರಗಳು ಎದ್ದು ನಿಂತದ್ದು ಹೀಗೆ.

ಎದ್ದು ನಿಂತರೂ ಅದು ಹೊಲದೊಡೆಯನದಲ್ಲ. ಟಿಪ್ಪು ಸುಲ್ತಾನ 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದನೆಂದು ಹೇಳುತ್ತಾರೆ. ಮುಂದೆಯೂ ಆ ಹಕ್ಕು ಸರ್ಕಾರದ ಕೈಬಿಡಲಿಲ್ಲ. ತನ್ನ ಹೊಲದಲ್ಲೇ ಹುಟ್ಟಿದರೂ ತನ್ನದಲ್ಲದ ಮರದ ಮೇಲೆ ಒಕ್ಕಲಿಗನಿಗೆ ಪ್ರೀತಿ ಎಷ್ಟು ಇದ್ದೀತು? ಸಸಿ ಕಂಡರೆ ಸದ್ದಿಲ್ಲದೆ ಕಿತ್ತೆಸೆಯುವುದೇ ಕ್ಷೇಮವೆಂದು ಭಾವಿಸಿದವರು ಇದ್ದರೆ ಆಶ್ಚರ್ಯಪಡಬೇಕಾದ್ದಿಲ್ಲ.

ಇಂಥ ಮರಕ್ಕೆ ಕೇಡು ಕೊಡಗಿನ ಗಡಿಯಲ್ಲಿ ಕಾಣಿಸಿಕೊಂಡಿತು. ಇಂದು ಕುಶಾಲನಗರವೆಂದು ಕರೆಯುವ ಊರಿಗೆ ಆಗ ಫ್ರೇಸರ್‌ಪೇಟೆ ಎಂದು ಹೆಸರು. ಅಲ್ಲಿನ ಗಂಧದ ಮರಗಳು ವಿಚಿತ್ರ ರೀತಿಯಲ್ಲಿ ಒಣಗುತ್ತಿವೆಯೆಂದು 1899ರಲ್ಲಿ ಮೆಕಾರ್ಥಿ ಎಂಬವರು ವರದಿ ಮಾಡಿದರು. ಎಲೆಗಳು ವರ್ಷದಿಂದ ವರ್ಷಕ್ಕೆ ಚಿಕ್ಕವಾಗಿ, ಕಿರಿದಾಗಿ, ಬಿರುಸಾಗಿ ನಿಲ್ಲುತ್ತಿದ್ದವು. ಗೆಣ್ಣುಗಳ ನಡುವಣ ಅಂತರ ಕುಗ್ಗಿ, ಕೊಂಬೆಯ ತುದಿ ಮುಳ್ಳಿನ ತೆನೆಯಂತೆ ಕಾಣುತ್ತಿತ್ತು. ಇಂಗ್ಲಿಷಿನವರು ಇಟ್ಟ ಸ್ಪೈಕ್ ಎಂಬ ಹೆಸರೇ ರೋಗಕ್ಕೆ ನಿಂತುಹೋಯಿತು. ಹೂವು ಬಿಡುವುದು ನಿಲ್ಲುತ್ತಿತ್ತು. ಬಿಟ್ಟ ಹೂವೂ ಎಲೆಯ ರೂಪ ತಾಳುತ್ತಿತ್ತು. ಹಣ್ಣಿಲ್ಲದ ಮರಕ್ಕೆ ಹಕ್ಕಿ ಬಾರದು, ಹಕ್ಕಿ ಬಾರದಿದ್ದರೆ ಬೀಜ ಹರಡದು. ಎರಡು ಮೂರು ವರ್ಷದೊಳಗೆ ಮರ ಸತ್ತು ನಿಲ್ಲುತ್ತಿತ್ತು.

ಕೊಡಗಿನಿಂದ ಮೈಸೂರಿಗೆ, ಮೈಸೂರಿನಿಂದ ಸೇಲಂ ಕಡೆಯ ಕಾಡುಗಳಿಗೆ ರೋಗ ನಡೆಯಿತು. ಖಜಾನೆಗೆ ಹಣ ತರುವ ಮರವಾದ್ದರಿಂದ ಸರ್ಕಾರಗಳೂ ಎಚ್ಚೆತ್ತವು. ಕಾರಣವನ್ನು ಕಂಡುಹಿಡಿದವರಿಗೆ ಮೈಸೂರು ಸರ್ಕಾರ ಬಹುಮಾನವನ್ನೇ ಘೋಷಿಸಿತು. ಬಹುಮಾನವಿದ್ದ ಮೇಲೆ ವಾದಗಳಿಗೆ ಬರವೇ! ಕಾಡಿಗೆ ಬೀಳುವ ಬೆಂಕಿ ಕಾರಣವೆಂದರು. ಹೊರಗಿನಿಂದ ಬಂದು ಕಾಡನ್ನೆಲ್ಲ ಮುತ್ತಿದ ಲಂಟಾನ ಪೊದೆ ಕಾರಣವೆಂದರು. ಡೆಹರಾಡೂನಿನ ಸಸ್ಯಶಾಸ್ತ್ರಜ್ಞ ಹೋಲ್, ಮರದೊಳಗಿನ ರಸದ ಸಮತೋಲ ಕೆಟ್ಟದ್ದೇ ಮೂಲವೆಂದು ವಾದಿಸಿದ. ವಾತ ಪಿತ್ತ ಕಫಗಳ ಮಾತು ಕೇಳಿ ಬೆಳೆದ ನಾಡಿಗೆ ಈ ವಾದ ಅಪರಿಚಿತವೆನಿಸಿರಲಾರದು.

ಈ ಗೊಂದಲಕ್ಕೆ ಮೊದಲ ತೆರೆ ಎಳೆದವನು ಕೆನಡಾ ದೇಶದಿಂದ ಮೈಸೂರಿಗೆ ಬಂದು ಇಲ್ಲಿನ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್. ಮಲೆನಾಡಿನ ಅಡಕೆ ತೋಟಗಳ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಉಪಾಯ ಬಳಕೆಗೆ ಬಂದುದರಲ್ಲಿ ಆತನ ಪಾಲು ದೊಡ್ಡದು. ಗಂಧದ ವಿಷಯದಲ್ಲಿ ಆತ ಮಾಡಿದ ಪ್ರಯೋಗ ಬಹಳ ಸರಳ. ರೋಗದ ಮರದ ಕಡ್ಡಿಯನ್ನು ಆರೋಗ್ಯವಾದ ಗಿಡಕ್ಕೆ ಕಸಿ ಕಟ್ಟಿದ. ತಿಂಗಳುಗಳ ಮೇಲೆ ಆ ಗಿಡದಲ್ಲೂ ಮುಳ್ಳಿನ ತೆನೆ ಮೂಡಿತು. 1917ರಲ್ಲಿ ಈ ಫಲಿತಾಂಶ ಮೈಸೂರು ಕೃಷಿ ಇಲಾಖೆಯ ಪ್ರಕಟಣೆಯಾಗಿ ಹೊರಬಂದಿತು. ಬೆಂಕಿಯಲ್ಲ, ಲಂಟಾನವಲ್ಲ, ಇದು ಗಿಡದಿಂದ ಗಿಡಕ್ಕೆ ಅಂಟುವ ಜಾಡ್ಯ. ಆದರೆ ಅಂಟುವ ಆ ವಸ್ತು ಯಾವುದು? ಅಂದಿನ ಸೂಕ್ಷ್ಮದರ್ಶಕಕ್ಕೆ ಅದು ಕಾಣಲೊಲ್ಲದು. ಕಾಣದ ಅಂಟುಜಾಡ್ಯಕ್ಕೆಲ್ಲ ವೈರಸ್ ಎಂದು ಹೆಸರಿಡುವ ರೂಢಿ ಆಗ ಬಂದಿತ್ತು. ಇದಕ್ಕೂ ಅದೇ ಹೆಸರು ಬಿತ್ತು.

ಆ ವರ್ಷಗಳು ಗಂಧಕ್ಕೆ ಮಹತ್ವದವು. 1914ರ ಯುದ್ಧದಿಂದ ಜರ್ಮನಿಗೆ ಹೋಗುತ್ತಿದ್ದ ಗಂಧದ ಕೊರಡು ಇಲ್ಲೇ ಉಳಿದಾಗ, ಎಣ್ಣೆಯನ್ನು ಇಲ್ಲೇ ಏಕೆ ತೆಗೆಯಬಾರದೆಂಬ ಪ್ರಶ್ನೆ ಎದ್ದಿತು. ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದ ಪ್ರಾಧ್ಯಾಪಕರ ನೆರವಿನಿಂದ ಎಣ್ಣೆ ಇಳಿಯಿತು. 1916ರಲ್ಲಿ ಕಾರ್ಖಾನೆ ಎದ್ದಿತು. ಒಂದು ಕಡೆ ಕಾರ್ಖಾನೆಗೆ ಮರ ಬೇಕು, ಇನ್ನೊಂದು ಕಡೆ ಕಾಡಿನಲ್ಲಿ ಮರ ಸಾಯುತ್ತಿದೆ. ಅದೇ ವಿಜ್ಞಾನ ಮಂದಿರದ ಜೀವರಸಾಯನ ವಿಭಾಗ 1920ರ ಬಳಿಕ ರೋಗದ ಬೆನ್ನು ಹತ್ತಿದ್ದು ಸಹಜವೇ ಆಗಿತ್ತು. ಎಂ. ಶ್ರೀನಿವಾಸಯ್ಯ ಮತ್ತು ಅವರ ಸಹೋದ್ಯೋಗಿಗಳು ರೋಗದ ಎಲೆಯ ತುಣುಕನ್ನು ತೊಗಟೆಯೊಳಗೆ ಸೇರಿಸಿ ರೋಗ ಹತ್ತಿಸುವ ವಿಧಾನವನ್ನು ರೂಪಿಸಿದರು. ರೋಗಿಯ ಎಲೆಗಳಲ್ಲಿ ಪಿಷ್ಟ ರಾಶಿಯಾಗಿ ತುಂಬಿ ನಿಲ್ಲುವುದು ಆ ಕಾಲದ ಸಂಶೋಧನೆಗಳಿಂದ ಸ್ಪಷ್ಟವಾಯಿತು.

ಪಿಷ್ಟ ತುಂಬಿದ ಮರ ಸಾಯುವುದೇಕೆ? ಎಲೆಯಲ್ಲಿ ತಯಾರಾದ ಅನ್ನ ಬೇರಿಗೆ ಇಳಿಯುವ ಹಾದಿ ಕಟ್ಟಿಹೋಗಿರುತ್ತದೆ. ಮೇಲಿನ ಕಣಜ ತುಂಬಿ ತುಳುಕುತ್ತಿದ್ದರೂ ಕೆಳಗಿನ ಮನೆಮಂದಿ ಉಪವಾಸ. ಹೀರುಬೇರುಗಳು ಮೊದಲು ಸಾಯುತ್ತವೆ. ನೆರೆಯ ಗಿಡದೊಡನೆ ಇದ್ದ ಸಂಬಂಧ ಕಡಿದುಹೋಗುತ್ತದೆ. ಆಮೇಲೆ ಮರದ ಪಾಡು ಹೇಳಬೇಕಾದ್ದಿಲ್ಲ.

ಮರದಿಂದ ಮರಕ್ಕೆ ರೋಗವನ್ನು ಕಾಡಿನಲ್ಲಿ ಹೊರುವವರು ಯಾರು? ಇದಕ್ಕಾಗಿ ಫ್ರೇಸರ್‌ಪೇಟೆಯಲ್ಲೂ ಡೆಂಕಣಿಕೋಟೆಯ ಬಳಿಯ ಅಯ್ಯೂರಿನ ಕಾಡಿನಲ್ಲೂ ಕೀಟಶಾಸ್ತ್ರಜ್ಞರು ಬೀಡುಬಿಟ್ಟರು. ಗಂಧದ ಮರದ ಮೇಲೆ ಕೂರುವ ಹುಳುಗಳನ್ನೆಲ್ಲ ಬಲೆ ಬೀಸಿ ಹಿಡಿದು, ಜಾತಿ ಗುರುತಿಸಿ ಪಟ್ಟಿ ಮಾಡಿದ ಅವರ ವರದಿಗಳು 1930ರ ದಶಕದಲ್ಲಿ ಕಂತು ಕಂತಾಗಿ ಬಂದವು. ಕೊನೆಗೆ ಅನುಮಾನ ರಸ ಹೀರುವ ಜಿಗಿಹುಳುಗಳ ಮೇಲೆ ನಿಂತಿತು. 1941ರಲ್ಲಿ ರಂಗಸ್ವಾಮಿ ಮತ್ತು ಗ್ರಿಫಿತ್ ಅವುಗಳಲ್ಲೊಂದು ಜಾತಿ ರೋಗವನ್ನು ದಾಟಿಸುತ್ತದೆಂದು ಪ್ರಕಟಿಸಿದರು. ಅಷ್ಟರಲ್ಲಿ ಕಾಡಿನಲ್ಲಿ ನಡೆಯುತ್ತಿದ್ದ ಚಿಕಿತ್ಸೆಯೆಂದರೆ ಕೊಡಲಿ. ಅದೂ ಸಾಲದು, ಕಡಿದ ಮರದ ಬೇರಿನಿಂದ ಏಳುವ ಚಿಗುರೂ ರೋಗಿಯಾಗಿಯೇ ಏಳುತ್ತಿತ್ತು. ಪಾಷಾಣದ ದ್ರಾವಣ ಹಾಕಿ ಬೇರುಸಹಿತ ಮರವನ್ನು ಕೊಂದರು.

ಕಾರಣ ಕಣ್ಣಿಗೆ ಬಿದ್ದದ್ದು ಮೆಕಾರ್ಥಿಯ ವರದಿಯಾದ ಎಪ್ಪತ್ತು ವರ್ಷಗಳ ಮೇಲೆ. 1967ರಲ್ಲಿ ಜಪಾನಿನ ವಿಜ್ಞಾನಿಗಳು, ವೈರಸ್ಸಿನದೆಂದು ತಿಳಿದಿದ್ದ ಹಿಪ್ಪುನೇರಳೆಯ ಕುಬ್ಜರೋಗದ ಹಿಂದೆ ಬೇರೊಂದು ಜೀವಿಯಿದೆಯೆಂದು ತೋರಿಸಿದರು. ಗಂಧದ ರೋಗ ಬಲ್ಲವರ ಕಿವಿ ನೆಟ್ಟಗಾಯಿತು. 1969ರಲ್ಲಿ ಭಾರತದ, ಹಾಲೆಂಡಿನ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಮೂರು ತಂಡಗಳು ಬೇರೆ ಬೇರೆಯಾಗಿ ಗಂಧದ ಆಹಾರನಾಳವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ಅದೇ ಬಗೆಯ ಜೀವಿಯನ್ನು ಕಂಡವು. ಕೋಶಕ್ಕೆ ಗೋಡೆಯೇ ಇಲ್ಲದ, ಬ್ಯಾಕ್ಟೀರಿಯಾಗಳ ಬಳಗಕ್ಕೆ ಸೇರಿದ ಕ್ಷುದ್ರಜೀವಿ. ಈಗ ಅದನ್ನು ಫೈಟೊಪ್ಲಾಸ್ಮಾ ಎನ್ನುತ್ತಾರೆ. ಗಿಡದ ಆಹಾರನಾಳ ಮತ್ತು ಜಿಗಿಹುಳುವಿನ ಮೈ, ಇವೆರಡೇ ಅದರ ಮನೆ.

ವೈರಸ್ಸಿಗೆ ನಾಟದ ಟೆಟ್ರಾಸೈಕ್ಲಿನ್ ಎಂಬ ಔಷಧ ಇದಕ್ಕೆ ನಾಟುತ್ತದೆ. ಮರದ ಕಾಂಡದಲ್ಲಿ ರಂಧ್ರ ಕೊರೆದು ಔಷಧವನ್ನು ಊಡಿದಾಗ ಒಣಗುತ್ತಿದ್ದ ಕೊಂಬೆಯಲ್ಲಿ ಅಗಲವಾದ ಹೊಸ ಎಲೆ ಮೂಡಿತು. ಆ ಪ್ರಯೋಗ ಮಾಡಿದವರ ಸಂತೋಷವನ್ನು ಊಹಿಸಬಹುದು. ಆದರೆ ಕೆಲವು ತಿಂಗಳಲ್ಲೇ ಮುಳ್ಳಿನ ತೆನೆ ಮರಳಿ ಬಂತು. ಮದ್ದು ರೋಗವನ್ನು ಅಡಗಿಸಿತೇ ಹೊರತು ಅಳಿಸಲಿಲ್ಲ. ಕಾಡಿನ ಒಂದೊಂದು ಮರಕ್ಕೂ ವರ್ಷ ವರ್ಷವೂ ಸೂಜಿಮದ್ದು ಕೊಡುವುದು ಯಾವ ಇಲಾಖೆಗೂ ಆಗದ ಮಾತು.

ಬೆಂಗಳೂರಿನಿಂದ ದಕ್ಷಿಣಕ್ಕೆ, ಕೇರಳದ ಇಡುಕ್ಕಿ ಜಿಲ್ಲೆಯ ಮರಯೂರಿಗೆ ಹೋದರೆ ಗಂಧದ ಕಾಡೆಂದರೆ ಹೇಗಿದ್ದೀತೆಂಬ ಕಲ್ಪನೆ ಬರುತ್ತದೆ. ಪಶ್ಚಿಮ ಘಟ್ಟದ ಮಳೆ ಕಡಿಮೆ ಬೀಳುವ ಪೂರ್ವದ ಮಗ್ಗುಲು ಅದು. ರಸ್ತೆಯ ಎರಡೂ ಕಡೆ ತಂತಿಬೇಲಿ, ಬೇಲಿಯೊಳಗೆ ಗಂಧದ ಮರಗಳು, ಹಗಲಿರುಳೂ ಕಾವಲು. ಕಳ್ಳನನ್ನು ತಂತಿಬೇಲಿ ತಡೆದೀತು, ಜಿಗಿಹುಳುವನ್ನು ತಡೆಯಬಲ್ಲದೆ? 1980ರ ದಶಕದಿಂದ ಅಲ್ಲಿಯೂ ಸ್ಪೈಕ್ ರೋಗವಿದೆ. ಕರ್ನಾಟಕದ ಕಾಡುಗಳಲ್ಲಂತೂ ಕೊಡಲಿ ಮತ್ತು ರೋಗ ಎರಡೂ ಸೇರಿ ಬಲಿತ ಮರಗಳನ್ನು ಅಪರೂಪವಾಗಿಸಿವೆ.

2001ರಲ್ಲಿ ಕರ್ನಾಟಕ ಕಾನೂನನ್ನು ತಿದ್ದಿ, ಹೊಲದಲ್ಲಿ ಬೆಳೆದ ಗಂಧದ ಮರಕ್ಕೆ ಹೊಲದವನನ್ನೇ ಒಡೆಯನನ್ನಾಗಿ ಮಾಡಿತು. ಒಳ್ಳೆಯ ಕೆಲಸ, ಇನ್ನೂರು ವರ್ಷ ತಡವಾಯಿತೆಂದರೂ ತಪ್ಪಿಲ್ಲ. ಅಂದಿನಿಂದ ಎಕರೆಗಟ್ಟಲೆ ಗಂಧದ ತೋಟಗಳು ಎದ್ದಿವೆ. ಹದಿನೈದು ವರ್ಷದಲ್ಲಿ ಕೋಟ್ಯಧೀಶರಾಗುವಿರೆಂದು ಹೇಳಿ ಸಸಿ ಮಾರುವವರೂ ಹೆಚ್ಚಿದ್ದಾರೆ. ಆ ಸಸಿ ಎಲ್ಲಿ ಬೆಳೆಯಿತು, ಅದರ ನೆರೆಯಲ್ಲಿ ಏನಿತ್ತು ಎಂದು ಕೇಳುವವರು ವಿರಳ. ಬೇಲಿಸಾಲಿನ ಮರಗಳು ಅಲ್ಲೊಂದು ಇಲ್ಲೊಂದಾಗಿ ಚದುರಿದ್ದವು. ತೋಟದಲ್ಲಿ ಮರಕ್ಕೆ ಮರ ತಾಗಿಕೊಂಡಿದೆ. ಒಂದಕ್ಕೆ ರೋಗ ಹತ್ತಿದರೆ ಜಿಗಿಹುಳುವಿಗೆ ಬಹಳ ದೂರ ಹಾರಬೇಕಾದ್ದಿಲ್ಲ. ಕಾಫಿ ಗಿಡವನ್ನು ಕಾಡುವ ಕೆಂಪು ಕಾಂಡಕೊರಕ ಗಂಧದ ತೋಟಕ್ಕೂ ಬೀಳುತ್ತದೆ. ಅದರ ಇರವು ಬುಡದಲ್ಲಿ ಉದುರಿದ ಪುಡಿಯಿಂದಲಾದರೂ ತಿಳಿಯುತ್ತದೆ. ಸ್ಪೈಕ್ ಹಾಗಲ್ಲ. ಎಲೆ ಕಿರಿದಾಗುವವರೆಗೂ ರೋಗಿ ಆರೋಗ್ಯವಂತನಂತೆಯೇ ಹಸಿರಾಗಿ ನಿಂತಿರುತ್ತಾನೆ.

ಈಗಿನ ಸಂಶೋಧನೆಯ ಗಮನವೆಲ್ಲ ಆ ಹಸಿರಿನ ಹಿಂದೆ ಅಡಗಿದ್ದನ್ನು ಬೇಗ ಕಾಣುವುದರ ಮೇಲಿದೆ. ಚಿಗುರಿನ ತೆಳುವಾದ ಕೊಯ್ತಕ್ಕೆ ಬಣ್ಣ ಹಾಕಿ ವಿಶೇಷ ದೀಪದ ಕೆಳಗೆ ನೋಡಿದರೆ ರೋಗದ ಆಹಾರನಾಳ ಹೊಳೆಯುತ್ತದೆ. ಅದಕ್ಕಿಂತ ಸೂಕ್ಷ್ಮವಾಗಿ ಫೈಟೊಪ್ಲಾಸ್ಮಾದ ಡಿಎನ್‌ಎಯನ್ನೇ ಹುಡುಕುವ ಪರೀಕ್ಷೆಯೂ ಬಂದಿದೆ. ಜೊತೆಗೆ, ರೋಗದ ನಡುವೆಯೂ ಬದುಕಿ ಉಳಿದ ಮರಗಳನ್ನು ಹುಡುಕಿ ಅವುಗಳ ವಂಶವನ್ನು ಬೆಳೆಸುವ ಯತ್ನ ನಡೆದಿದೆ. ಇದು ಆತುರದ ಕೆಲಸವಲ್ಲ. ಮರ ನಿಜವಾಗಿ ರೋಗವನ್ನು ತಡೆಯಬಲ್ಲದೋ, ಇಲ್ಲ ಅದೃಷ್ಟದಿಂದ ಈವರೆಗೆ ಪಾರಾಗಿದೆಯೋ ಎಂದು ತಿಳಿಯಲು ಕಸಿ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಕೋಲ್ಮನ್ ಮಾಡಿದ ಪ್ರಯೋಗಕ್ಕೆ ಇಂದಿಗೂ ಬಿಡುವಿಲ್ಲ.

ಅಷ್ಟರವರೆಗೆ ಉಳಿದ ಉಪಾಯ ಸಸಿಮಡಿಯ ಶುಚಿ. ಜಿಗಿಹುಳು ನುಸುಳದಷ್ಟು ಸಣ್ಣ ಕಣ್ಣಿನ ಬಲೆಯ ಕೆಳಗೆ ಸಸಿಗಳನ್ನು ಬೆಳೆಸಬೇಕು. ಒಂದೊಂದು ಚೀಲದಲ್ಲೂ ಗಂಧದ ಎಳೆಯ ಸಸಿಯ ಪಕ್ಕದಲ್ಲಿ ತೊಗರಿಯಂಥ ಜೊತೆಗಿಡವೊಂದಿರಬೇಕು. ಅದಿಲ್ಲದೆ ಗಂಧ ಬಾಳದು. ಆದರೆ ಬಲೆಯ ಹೊರಗೆ ಬಂದರೆ ಗಿಡವಿರಬಾರದು, ಕಾಡು ಎಲಚಿಯ ಜಾತಿಯ ಮುಳ್ಳುಗಿಡವಿರಬಾರದು, ಅಂದಕ್ಕೆಂದು ನೆಟ್ಟ ನಿತ್ಯಪುಷ್ಪವೂ ಇರಬಾರದು. ಇಂಥ ಗಿಡಗಳಿಗೂ ಈ ಬಗೆಯ ಜಾಡ್ಯ ಹತ್ತುತ್ತದೆ. ಅಂಗಳದಲ್ಲಿ ಸದಾ ನಗುತ್ತ ನಿಲ್ಲುವ ಆ ನಸುಗೆಂಪು ಹೂವಿನ ಗಿಡವನ್ನು ಸಸಿಮಡಿಯ ಬೇಲಿಯಿಂದ ಬೇರುಸಹಿತ ಕಿತ್ತು, ದೂರ ಒಯ್ದು ಸುಟ್ಟುಹಾಕಬೇಕು.