ಕುದುರೆಯ ನಡಿಗೆಯಲ್ಲಿ ಉದ್ದನಪಲ್ಲಿ ಸೀಮೆ

ನಾಡು ನೋಡುವವನಿಗೆ ಅವನು ಏರಿದ ವಾಹನವೇ ಅರ್ಧ ಕಣ್ಣು ಎನ್ನಬಹುದು. ಹೊಸೂರಿನಿಂದ ರಾಯಕೋಟೆಗೆ ಬಸ್ಸಿನಲ್ಲಿ ಹೊರಟವರಿಗೆ ಉದ್ದನಪಲ್ಲಿ ನಡುದಾರಿಯ ಒಂದು ನಿಲುಗಡೆ ಮಾತ್ರ. ಇಳಿಯುವವರು ಇಳಿದು ಹತ್ತುವವರು ಹತ್ತುವಷ್ಟರಲ್ಲಿ ಊರಿನ ಪರಿಚಯ ಮುಗಿದುಹೋಗುತ್ತದೆ. ಕಾಲ್ನಡಿಗೆಯವನಿಗೆ ಎಲ್ಲವೂ ಕಾಣುತ್ತದೆ. ಆದರೆ ಬಿಸಿಲೇರುವ ಮುನ್ನ ಅವನು ಎರಡು ಹಳ್ಳಿ ದಾಟಿದರೆ ಹೆಚ್ಚು. ಇವೆರಡರ ನಡುವಣ ವಾಹನ ಕುದುರೆ. ಅವಸರಪಡಿಸದೆ ನಡೆಯಬಿಟ್ಟರೆ ಅದು ಗಂಟೆಗೆ ಸುಮಾರು 6 ಕಿ.ಮೀ. ಸಾಗುತ್ತದೆ. ಸವಾರನ ಕಣ್ಣು ನೆಲದಿಂದ ಏಳೆಂಟು ಅಡಿ ಎತ್ತರದಲ್ಲಿರುವುದರಿಂದ ಬೇಲಿಯಾಚೆಯ ಹೊಲ, ಹೊಲದಾಚೆಯ ಕುಂಟೆ, ಕುಂಟೆಯಾಚೆಯ ಗುಡ್ಡ ಮೂರೂ ಒಂದೇ ನೋಟಕ್ಕೆ ಸಿಗುತ್ತವೆ.

ಕೋಸ್ಟಾರಿಕಾ, ಕ್ಯೂಬಾ ಮೊದಲಾದ ಉಷ್ಣವಲಯದ ದೇಶಗಳಲ್ಲಿ ಪ್ರವಾಸಿಗರನ್ನು ಕುದುರೆಯ ಮೇಲೆ ಕೂರಿಸಿ, ಊರಿನವನೊಬ್ಬನನ್ನು ಜೊತೆಮಾಡಿ, ಹೊಲಗದ್ದೆಗಳ ನಡುವೆ ಕರೆದೊಯ್ಯುವುದು ಒಂದು ಉದ್ಯೋಗವೇ ಆಗಿದೆ. ನಮ್ಮ ಜನಕ್ಕೆ ಪರಿಚಿತವಾದ ಸವಾರಿಯೆಂದರೆ ಊಟಿಯ ಕೆರೆಯ ಬಳಿ ಮಕ್ಕಳನ್ನು ಕೂರಿಸಿ ಕೊಂಚ ದೂರ ನಡೆಸಿ ತರುವುದು. ಆದರೆ ದಾರಿ ತೋರುವವನೊಡನೆ ಊರಿಂದೂರಿಗೆ ಕುದುರೆಯ ಮೇಲೆ ಸಾಗುವುದು ಇನ್ನೂರು ವರ್ಷಗಳ ಹಿಂದೆ ನಮ್ಮ ಸೀಮೆಯಲ್ಲಿ ನಿತ್ಯದ ವ್ಯವಹಾರವಾಗಿತ್ತು. ಆ ಹಳೆಯ ಪದ್ಧತಿಯನ್ನು ನೆನಪಿಗೆ ತಂದುಕೊಂಡು, ಮತ್ತಿಗಿರಿಯಿಂದ ಕೆಲಮಂಗಲ, ಉದ್ದನಪಲ್ಲಿಗಳ ಮೂಲಕ ರಾಯಕೋಟೆಯವರೆಗೆ ವಾಚಕರನ್ನು ಮನಸ್ಸಿನ ಸವಾರಿಯೊಂದಕ್ಕೆ ಕರೆದೊಯ್ಯುವುದು ಈ ಲೇಖನದ ಉದ್ದೇಶ.

ಹೊರಡುವ ತಾಣ ಮತ್ತಿಗಿರಿಯೇ ಆಗಬೇಕು. ಹೊಸೂರಿನಿಂದ ದೇನ್ಕಣಿಕೋಟೆಗೆ ಹೋಗುವ ದಾರಿಯಲ್ಲಿರುವ ಇಲ್ಲಿನ ಸರಕಾರಿ ಜಾನುವಾರು ಕ್ಷೇತ್ರ 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಕುದುರೆಗಳನ್ನು ಒದಗಿಸುವ ಸಲುವಾಗಿ ಆರಂಭವಾಯಿತು. 1,600 ಎಕರೆಗೂ ಮಿಕ್ಕ ಆ ವಿಸ್ತಾರವಾದ ಹುಲ್ಲುಗಾವಲನ್ನು ಕಂಡವರಿಗೆ ಇಲ್ಲಿಯೇ ಏಕೆ ಎಂಬ ಪ್ರಶ್ನೆ ಏಳುವುದಿಲ್ಲ. ಹೊಸೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ; ಘಟ್ಟದ ಕೆಳಗಿನ ಸೆಕೆ ಇಲ್ಲಿಲ್ಲ. ಜೊತೆಗೆ ಕುದುರೆಯ ಪ್ರಿಯ ಆಹಾರವಾದ ಹುರುಳಿ ನಮ್ಮ ಕೆಮ್ಮಣ್ಣಿನ ಹೊಲಗಳಲ್ಲಿ ಹೆಚ್ಚು ಮಳೆಯನ್ನು ಬೇಡದೆ ಬೆಳೆಯುತ್ತದೆ. ನಾವು ಸಾರು ಮಾಡಿ ಉಣ್ಣುವ ಕಾಳನ್ನೇ ಬೇಯಿಸಿ ಕುದುರೆಗೂ ಇಡುತ್ತಿದ್ದರು.

ಸವಾರಿಗೆ ಮಾಘಮಾಸ ಪ್ರಶಸ್ತವಾದುದು. ಅದಕ್ಕೊಂದು ಕಾರಣವಿದೆ. ಮಳೆಗಾಲ ಕಳೆದು ರಾಗಿ ತೆನೆಗಟ್ಟುವ ಕಾಲಕ್ಕೆ ಆನೆಗಳ ಹಿಂಡುಗಳು ದಕ್ಷಿಣದ ಕಾಡುಗಳಿಂದ ಬಂದು, ಹೊಸೂರು-ರಾಯಕೋಟೆ ರಸ್ತೆಯ ಮಗ್ಗುಲಿನ ಸಾನಮಾವು ಕಾಡಿನವರೆಗೂ ಬೀಡುಬಿಡುತ್ತವೆ. ಆನೆಯ ವಾಸನೆ ಮೂಗಿಗೆ ಬಿದ್ದ ಕುದುರೆ ಕಡಿವಾಣಕ್ಕೆ ಬಗ್ಗುವುದಿಲ್ಲ. ಸಂಕ್ರಾಂತಿ ಕಳೆದು, ರಾಗಿಯ ತೆನೆ ಕಣ ಸೇರಿ, ಹುಲ್ಲು ಬಣವೆಯಾದ ಮೇಲೆ ಹೊರಡುವುದು ಕ್ಷೇಮ. ಆಗಲೂ ಕಾಡಂಚಿನ ದಾರಿ ಹಿಡಿಯುವ ಮುನ್ನ ಅಲ್ಲಿಯ ಊರಿನವರನ್ನು ವಿಚಾರಿಸದೆ ಹೋಗಲಾಗದು.

ಕುದುರೆ ಸಾಕಿದವರ ಶಿಸ್ತು ಪಾಲಿಸತಕ್ಕದ್ದು: ಬೆಳಕು ಹರಿಯುವ ಮುನ್ನ ಹೊರಡಬೇಕು, ಬಿಸಿಲು ನೆತ್ತಿಗೇರಿದಾಗ ತೋಪಿನ ನೆರಳಿನಲ್ಲಿ ಜೀನು ಇಳಿಸಬೇಕು, ಮೊದಲು ನೀರು, ಅನಂತರ ಮೇವು, ಕಾಳು ತಿಂದೊಡನೆ ಓಡಿಸಬಾರದು, ಪ್ರತಿ ತಂಗುದಾಣದಲ್ಲಿಯೂ ಗೊರಸು ಎತ್ತಿ, ಲಾಳದ ನಡುವೆ ಕಲ್ಲು ಸಿಕ್ಕಿದೆಯೇ ಎಂದು ನೋಡಬೇಕು. ನಮ್ಮ ಹಿರಿಯರು ಗುಂಡುತೋಪುಗಳನ್ನೂ ಅರವಟ್ಟಿಗೆಗಳನ್ನೂ ಊರಾಚೆ ದಾರಿಯ ಬದಿಯಲ್ಲಿಯೇ ಏರ್ಪಡಿಸಿದುದರ ಔಚಿತ್ಯ ಕುದುರೆಯ ಮೇಲೆ ಕುಳಿತವನಿಗೆ ಬೇಗ ಅರ್ಥವಾಗುತ್ತದೆ.

ಕೆಲಮಂಗಲಕ್ಕೆ ಬಂದಾಗ ಚರಿತ್ರೆಯ ನೆನಪಾಗದೆ ಇರದು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲೂ ರಾಯಕೋಟೆಯೂ ಕಂಪನಿಯ ಕೈಸೇರಿದವು. ಹೊಸೂರಿನ ಮೇಲುಸೀಮೆ ಟಿಪ್ಪುವಿನಲ್ಲಿ ಉಳಿಯಿತು. ಹೀಗೆ ಏಳು ವರ್ಷ ಕಾಲ ಈ ಕಿರುದೂರದ ನಡುವೆಯೇ ಎರಡು ರಾಜ್ಯಗಳ ಗಡಿ ಹಾದುಹೋಗಿತ್ತು. 1799ರ ಮಾರ್ಚ್ 5ರಂದು ಜನರಲ್ ಹ್ಯಾರಿಸನ ದಂಡು ರಾಯಕೋಟೆಯ ಕಡೆಯಿಂದ ಮೈಸೂರು ಸೀಮೆಯನ್ನು ಹೊಕ್ಕು, ಕೆಲಮಂಗಲದ ಬಳಿ ಕೂಡಿಕೊಂಡು ಆನೇಕಲ್ಲಿನತ್ತ ನಡೆಯಿತು. ಮುಂದೆ ವೆಲ್ಲಿಂಗ್ಟನ್ ಡ್ಯೂಕನೆಂದು ಜಗತ್ಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿಯೂ ಆ ದಂಡಿನಲ್ಲಿದ್ದನು. ಎರಡು ತಿಂಗಳಿಗೆ, ಮೇ 4ರಂದು, ಶ್ರೀರಂಗಪಟ್ಟಣ ಬಿದ್ದಿತು. ಹೊಸೂರೂ ಕಂಪನಿಯ ಪಾಲಾಯಿತು. ದಂಡು ಹೋದ ದಾರಿಯ ಹೊಲಗಳಲ್ಲಿ ಆ ವರ್ಷ ಏನು ಉಳಿದಿತ್ತೆಂಬುದನ್ನು ಚರಿತ್ರೆಯ ಪುಸ್ತಕಗಳು ಹೇಳುವುದಿಲ್ಲ. ಬೇಸಾಯ ಬಲ್ಲವರು ಊಹಿಸಿಕೊಳ್ಳಬಲ್ಲರು.

ಕೆಲಮಂಗಲದಿಂದ ಪೂರ್ವಕ್ಕೆ ಕುದುರೆಯನ್ನು ತಿರುಗಿಸಿದರೆ ಒಂದೂವರೆ ಗಂಟೆಯ ನಡಿಗೆಗೆ ಉದ್ದನಪಲ್ಲಿ. ಹೊಸೂರು, ರಾಯಕೋಟೆ, ಕೆಲಮಂಗಲ, ಶೂಲಗಿರಿಗಳ ದಾರಿಗಳು ಇಲ್ಲಿ ಕೂಡುತ್ತವೆ. ಉದ್ದನೆಯ ಹಳ್ಳಿಯೆಂದು ಕನ್ನಡದ ಕಿವಿಗೆ ಕೇಳಿಸುವುದು ಸಹಜವಾದರೂ ಊರ ಹೆಸರಿನ ಅರ್ಥವನ್ನು ಕಿವಿಯೊಂದರಿಂದಲೇ ತೀರ್ಮಾನಿಸುವುದು ತರವಲ್ಲ. ಒಂದು ಕಡೆ ರಾಗಿಯ ಕೂಳೆ, ಇನ್ನೊಂದು ಕಡೆ ಹುರುಳಿಯ ಕಣ. ನೀರಿರುವಲ್ಲಿ ಟೊಮೇಟೊ, ಕೋಸು, ಗುಲಾಬಿ. ದಾರಿಬದಿಯ ಹುಣಿಸೆಮರಗಳ ಕೆಳಗೆ ಗಳದಿಂದ ಕಾಯಿ ಬಡಿಯುವವರು. ಹೊಲದಲ್ಲಿ ದನ ಹೊಡೆಯುವವನ ಗದರಿಕೆ ಕನ್ನಡ; ಮುಂದಿನ ಬಾವಿಯ ಬಳಿ ಕೇಳುವ ಹರಟೆ ತೆಲುಗು; ಅಂಗಡಿಯ ಮುಂದಿನ ಲೆಕ್ಕಾಚಾರ ತಮಿಳು. ಒಂದೇ ಮನೆಯ ಜಗಲಿಯ ಮೇಲೆ ಮೂರನ್ನೂ ಕೇಳುವುದು ನಮ್ಮಲ್ಲಿ ಅಪರೂಪವಲ್ಲ.

ಇಂಥ ಸೀಮೆಯಲ್ಲಿ ಪರಸ್ಥಳದ ಸವಾರನಿಗೆ ದಾರಿ ತೋರುವವರು ಯಾರು? ಅದಕ್ಕೆ ಊರೂರಿಗೂ ಒಬ್ಬನಿದ್ದನು. ಕನ್ನಡದಲ್ಲಿ ಅವನು ತಳವಾರ, ತೆಲುಗಿನಲ್ಲಿ ತಲಾರಿ, ತಮಿಳಿನಲ್ಲಿ ತಲೈಯಾರಿ. ಬ್ರಿಟಿಷ್ ಪಾರ್ಲಿಮೆಂಟಿಗೆ 1812ರಲ್ಲಿ ಸಲ್ಲಿಸಿದ ಪ್ರಸಿದ್ಧವಾದ ಐದನೆಯ ವರದಿಯಲ್ಲಿ ನಮ್ಮ ಗ್ರಾಮವ್ಯವಸ್ಥೆಯ ವಿವರಣೆಯಿದೆ. ಕಳವು ಮುಂತಾದ ಅಪರಾಧಗಳ ಸುಳಿವು ಹಿಡಿಯುವುದರ ಜೊತೆಗೆ, ಪ್ರಯಾಣಿಕರನ್ನು ಒಂದು ಊರಿನಿಂದ ಮತ್ತೊಂದು ಊರಿಗೆ ಕಾಪಾಡಿಕೊಂಡು ತಲುಪಿಸುವುದೂ ತಳವಾರನ ಕರ್ತವ್ಯವೆಂದು ಅಲ್ಲಿ ಹೇಳಿದೆ. ಸವಾರನು ಕುದುರೆಯ ಮೇಲೆ. ತಳವಾರನು ಕೋಲು ಹಿಡಿದು ನೆಲದ ಮೇಲೆ. ಯಾವ ಕುಂಟೆಯ ನೀರು ಕುಡಿಯಬಹುದು, ಯಾವ ಹಳ್ಳದ ಮರಳಿನಲ್ಲಿ ಕುದುರೆಯ ಕಾಲು ಹೂಳುತ್ತದೆ, ಯಾವ ಮರದ ಕೆಳಗೆ ದೇವರಿದೆ, ಅಲ್ಲಿ ಯಾರೂ ಏಕೆ ಜೋಡು ಮೆಟ್ಟಬಾರದು, ಎರಡೂರ ಗಡಿಕಲ್ಲು ಯಾವ ಪೊದೆಯೊಳಗಿದೆ ಎಂಬುದೆಲ್ಲ ಅವನ ನೆನಪಿನಲ್ಲಿತ್ತು. ಆ ನೆನಪಿಗೆ ಕಡತವಿರಲಿಲ್ಲ; ಮಗನು ತಂದೆಯ ಹಿಂದೆ ನಡೆದು ಕಲಿಯುತ್ತಿದ್ದನು.

ಹೀಗೆ ದಾರಿ ತೋರಿಸಿಕೊಂಡು ನಾಡನ್ನು ಅರಿತವರಲ್ಲಿ ಥಾಮಸ್ ಮನ್ರೋ ಮುಖ್ಯನು. 1792ರಿಂದ 1799ರವರೆಗೆ ಅವನು ಅಲೆಗ್ಸಾಂಡರ್ ರೀಡನ ಕೈಕೆಳಗೆ ಬಾರಾಮಹಲಿನಲ್ಲಿ ಕಂದಾಯದ ಕೆಲಸ ಮಾಡಿದನು. ಡೇರೆಯಲ್ಲಿ ತಂಗುತ್ತ, ಹಳ್ಳಿಯಿಂದ ಹಳ್ಳಿಗೆ ಸುತ್ತುತ್ತ, ರೈತರೊಡನೆ ಮಾತನಾಡುತ್ತ ಹೊಲಹೊಲವನ್ನೂ ಅಳೆಸಿ ತೀರುವೆ ಕಟ್ಟಿದ ಆ ಅನುಭವದಿಂದಲೇ ಮದರಾಸು ಪ್ರಾಂತದ ರೈತವಾರಿ ಪದ್ಧತಿ ಬೆಳೆಯಿತು. ಮುಂದೆ ಅವನು ಮದರಾಸಿನ ಗವರ್ನರನಾಗಿ, 1827ರಲ್ಲಿ ಪ್ರವಾಸದಲ್ಲಿದ್ದಾಗಲೇ ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ತೀರಿಕೊಂಡನು. ಶಿಲ್ಪಿ ಫ್ರಾನ್ಸಿಸ್ ಶಾಂಟ್ರಿ ನಿರ್ಮಿಸಿದ ಅವನ ಅಶ್ವಾರೂಢ ಪ್ರತಿಮೆ ಚೆನ್ನೈಯಲ್ಲಿ ಇಂದಿಗೂ ಇದೆ. ಕಾಲಿಡಲು ರಿಕಾಪು ಇಲ್ಲದ ಆ ಸವಾರನನ್ನು ನೋಡಿ ಬೆರಗಾದವರು ಅನೇಕರು. ಆದರೆ ರಿಕಾಪಿಗಿಂತಲೂ ದೊಡ್ಡ ಕೊರತೆಯೊಂದು ಅಲ್ಲಿ ಈ ಲೇಖಕನಿಗೆ ಕಾಣುತ್ತದೆ: ಕುದುರೆಯ ಮುಂದೆ ಕೋಲು ಹಿಡಿದು ನಡೆದವನು ಅಲ್ಲಿಲ್ಲ. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ.

ಉದ್ದನಪಲ್ಲಿಯಿಂದ ಆಗ್ನೇಯಕ್ಕೆ ಸಾಗಿದಂತೆ ರಾಯಕೋಟೆಯ ಬಂಡೆಗುಡ್ಡ ಹತ್ತಿರವಾಗುತ್ತದೆ. 1791ರ ಜುಲೈಯಲ್ಲಿ ಕಾರ್ನ್‌ವಾಲಿಸನ ಸೈನ್ಯ ಹಿಡಿದುಕೊಂಡ ದುರ್ಗವಿದು. ಕುದುರೆಯನ್ನು ಬುಡದಲ್ಲಿ ಕಟ್ಟಿ ಮೇಲೇರಿದವನಿಗೆ, ಮೈಸೂರಿನ ಮೇಲುನಾಡು ಎಲ್ಲಿ ಮುಗಿದು ಬಾರಾಮಹಲಿನ ತಗ್ಗು ಎಲ್ಲಿ ಆರಂಭವಾಗುತ್ತದೆಂಬುದನ್ನು ಯಾವ ನಕ್ಷೆಯೂ ಹೇಳಿಕೊಡಬೇಕಾಗಿಲ್ಲ. ನೆಲದ ಈ ಗಡಿ ಯುಗಯುಗಗಳದು. ಮನುಷ್ಯರು ಎಳೆದ ಗಡಿಗಳಾದರೋ ಬದಲಾಗುತ್ತ ಬಂದಿವೆ. 1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ನಾವು ಮದರಾಸು ರಾಜ್ಯದಲ್ಲಿ ಉಳಿದೆವು. ಸೇಲಂ ಜಿಲ್ಲೆಯವರಾಗಿದ್ದವರು 1965ರಲ್ಲಿ ಧರ್ಮಪುರಿಯವರಾದೆವು, 2004ರಲ್ಲಿ ಕೃಷ್ಣಗಿರಿಯವರಾದೆವು. ಜಿಲ್ಲೆ ಎರಡು ಸಲ ಬದಲಾದರೂ ಹೊಲಕ್ಕೆ ಹೋಗುವ ಬಂಡಿದಾರಿ ಅದೇ ಆಗಿತ್ತು.

ಈಗ ಆ ದಾರಿಗಳೇ ಅಳಿಯುವ ಕಾಲ ಬಂದಿದೆ. ಉದ್ದನಪಲ್ಲಿಯ ಆಸುಪಾಸಿನಲ್ಲಿ ಮೊಬೈಲು ಫೋನಿನ ಬಿಡಿಭಾಗಗಳನ್ನು ತಯಾರಿಸುವ ದೊಡ್ಡ ಕಾರ್ಖಾನೆ ತಲೆಯೆತ್ತಿದೆ. ಸಹಸ್ರಾರು ಹೆಣ್ಣುಮಕ್ಕಳು ಅಲ್ಲಿ ದುಡಿದು ಸಂಸಾರಕ್ಕೆ ಆಧಾರವಾಗಿದ್ದಾರೆ. ಇದನ್ನು ಹಳಿಯುವುದು ನ್ಯಾಯವಲ್ಲ. ಇನ್ನೊಂದೆಡೆ, ಸಿಪ್ಕಾಟ್ ಕೈಗಾರಿಕಾ ವಲಯಕ್ಕಾಗಿ ಉದ್ದನಪಲ್ಲಿ, ನಾಗಮಂಗಲ, ಅಯರ್ನಪಲ್ಲಿಗಳಲ್ಲಿ ಸುಮಾರು 3,000 ಎಕರೆ ನೆಲವನ್ನು ಸ್ವಾಧೀನಪಡಿಸಿಕೊಳ್ಳುವ ಯೋಜನೆಯನ್ನು ವಿರೋಧಿಸಿ 2023ರಲ್ಲಿ ರೈತರು ಧರಣಿ ಕುಳಿತರು. ಅದನ್ನು ಹಗುರವಾಗಿ ಕಾಣುವುದೂ ನ್ಯಾಯವಲ್ಲ. ಹೊಲಕ್ಕೆ ಸರ್ವೆ ನಂಬರಿದೆ, ಪರಿಹಾರದ ಮೊತ್ತವಿದೆ. ಹೊಲದ ಅಂಚಿನ ಓಣಿಗೆ, ಕುಂಟೆಯ ಏರಿಗೆ, ಹೊರೆಯಿಳಿಸುವ ಕಲ್ಲಿಗೆ, ಇವುಗಳ ಕನ್ನಡದ ಹೆಸರುಗಳಿಗೆ ಯಾರ ಕಡತದಲ್ಲಿಯೂ ಜಾಗವಿಲ್ಲ. ಕಾಂಪೌಂಡು ಗೋಡೆ ಎದ್ದ ದಿನವೇ ಅವು ಮರೆವಿಗೆ ಸಲ್ಲುತ್ತವೆ.

ತಳವಾರನ ಹಳೆಯ ಕರ್ತವ್ಯ ಈಗ ಉಳಿದಿಲ್ಲ. 1980ರಲ್ಲಿ ತಮಿಳುನಾಡು ಸರಕಾರ ಪರಂಪರೆಯ ಗ್ರಾಮಾಧಿಕಾರಿಗಳ ಹುದ್ದೆಗಳನ್ನು ರದ್ದುಗೊಳಿಸಿದ ಮೇಲೆ ಗ್ರಾಮದ ಆಡಳಿತವೇ ಬೇರೆ ಬಗೆಯದಾಯಿತು. ಅದು ಯೋಗ್ಯವೇ, ಹುಟ್ಟಿನಿಂದ ಬರುವ ಊಳಿಗ ಯಾರಿಗೂ ಬೇಡ. ಆದರೆ ಅವನ ಅರಿವಿಗೆ ವಾರಸುದಾರರು ಬೇಕು. ಮೂರು ಭಾಷೆಗಳನ್ನು ಬಲ್ಲ ನಮ್ಮ ಮಕ್ಕಳಿಗಿಂತ ತಕ್ಕ ವಾರಸುದಾರರು ಯಾರಿದ್ದಾರೆ? ಬೆಂಗಳೂರಿನಿಂದ ಬಿಡುವಿನ ದಿನಗಳಲ್ಲಿ ಹಳ್ಳಿ ನೋಡಬಯಸಿ ಬರುವವರು ಹೆಚ್ಚುತ್ತಿರುವ ಈ ಕಾಲದಲ್ಲಿ, ನಾಳೆ ಯಾರಾದರೂ ನಮ್ಮ ಸೀಮೆಯಲ್ಲಿ ಕುದುರೆ ಸವಾರಿಯ ಏರ್ಪಾಡು ಮಾಡಿದರೆ ಆಶ್ಚರ್ಯವಿಲ್ಲ. ಆಗ ಕಡಿವಾಣ ಹಿಡಿದು ಮುಂದೆ ನಡೆಯುವ ತರುಣನು ಬರಿಯ ಕೂಲಿಯಾಳಾಗಿರಬಾರದು. ಈ ನೆಲದ ಚರಿತ್ರೆಯನ್ನೂ ಹೆಸರುಗಳನ್ನೂ ಬಲ್ಲ ಮಾರ್ಗದರ್ಶಿಯಾಗಿರಬೇಕು.

ಆದುದರಿಂದ ಮಾಸಿಕದ ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಂಕ್ರಾಂತಿಯ ರಜೆಯಲ್ಲಿ ಮಕ್ಕಳ ಕೈಗೆ ಒಂದು ನೋಟುಪುಸ್ತಕ ಕೊಡಿ. ಅಜ್ಜನನ್ನೋ ಅಜ್ಜಿಯನ್ನೋ ಜೊತೆಮಾಡಿ ಹೊಲದ ದಾರಿಯಲ್ಲಿ ಕಳುಹಿಸಿ. ದಾರಿಯ ಹೆಸರು, ಕುಂಟೆಯ ಹೆಸರು, ಮರದ ಹೆಸರು, ಬಂಡೆಯ ಹೆಸರು, ಆ ಹೆಸರು ಏಕೆ ಬಂದಿತೆಂಬ ಹಿರಿಯರ ಮಾತು — ಇಷ್ಟನ್ನು ಕನ್ನಡದಲ್ಲಿ ಬರೆಸಿ. ಅದನ್ನೇ ತೆಲುಗಿನಲ್ಲಿ, ತಮಿಳಿನಲ್ಲಿ ಏನೆನ್ನುತ್ತಾರೆಂಬುದನ್ನೂ ಪಕ್ಕದಲ್ಲಿ ಬರೆಯಲಿ. ಹೇಳಿದವರ ಹೆಸರು, ವಯಸ್ಸು, ಊರು, ಬರೆದ ದಿನಾಂಕಗಳನ್ನು ಪುಟದ ಕೊನೆಯಲ್ಲಿ ಮರೆಯದೆ ಸೇರಿಸಲಿ.