ಕೈ ತೊಳಿಯೋದ್ ಹೇಳ್ಕೊಡೋ ಕೆಲಸ

ಹಿಂದಿನ ಬೀದಿ ಚಿಕ್ಕಮ್ಮ ಮೊನ್ನೆ ಕೇಳಿದ್ರು, "ಈಗ ನೀನು ಇಂಜೆಕ್ಷನ್ನೂ ಹಾಕಲ್ವಂತೆ, ಮತ್ತೆ ಸಂಬಳ ಯಾಕ್ ಕೊಡ್ತಾರಮ್ಮ?" ಅಂತ. "ಹೊಸದಾಗಿ ಸೇರೋರಿಗೆ ಕೈ ತೊಳಿಯೋದ್ ಹೇಳ್ಕೊಡ್ತೀನಿ" ಅಂದೆ. ಸೆರಗು ಬಾಯಿಗಿಟ್ಕಂಡು ನಕ್ಕರು. ನಗ್ಲಿ ಬಿಡಿ. ಇಷ್ಟು ವರ್ಷ ವಾರ್ಡಲ್ಲಿ ನರ್ಸಾಗಿದ್ದು, ಸೋಂಕು ತಡೆಯೋ ಕೆಲಸಕ್ಕೆ ಹಾಕ್ದಾಗ ನಾನೂ ನಕ್ಕಿದ್ದೆ.

ಬೇತಮಂಗಲದಿಂದ ಬಸ್ಸಲ್ಲಿ ಬಂಗಾರಪೇಟೆ, ಅಲ್ಲಿಂದ ರೈಲಲ್ಲಿ ಬೆಂಗ್ಳೂರು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನೋರೂ ಹೊಟ್ಟೆಪಾಡಿಗೆ ಅದೇ ರೈಲು ಹತ್ತಾರೆ. ನನ್ ಹತ್ರ ಕಲಿಯೋಕೆ ಬರೋ ಹುಡುಗೀರಲ್ಲೂ ನಮ್ ಕಡೆಯೋರು ನಾಕೈದು ಜನ ಇದ್ದೇ ಇರ್ತಾರೆ.

ಮೊದಲ ದಿನ ಬಣ್ಣದ ಪಾಠ. ರಕ್ತ ಮೆತ್ತಿದ ಹತ್ತಿ, ಬ್ಯಾಂಡೇಜು ಹಳದಿ ಚೀಲಕ್ಕೆ. ಗ್ಲೂಕೋಸ್ ಪೈಪು, ಗ್ಲೌಸು ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಿದ್ರೂ ತೂತಾಗದ ಬಿಳಿ ಡಬ್ಬಿಗೆ. ಗಾಜು ನೀಲಿಗೆ. 2016ರ ನಿಯಮ ಇದು, ಒಂದೇ ದಿನಕ್ಕೆ ಬಾಯಿಪಾಠ ಮಾಡ್ಬಿಡ್ತಾರೆ. ಸೋಪು ಹಚ್ಚಿ 40ರಿಂದ 60 ಸೆಕೆಂಡು ಕೈ ತೊಳೀರಿ ಅಂದ್ರೆ ತಲೆ ಆಡಿಸ್ತಾರೆ, ನಾನು ಆ ಕಡೆ ತಿರುಗಿದ್ರೆ ಹತ್ತು ಸೆಕೆಂಡಿಗೆ ಮುಗೀತು. ಕಣ್ಣಿಗೆ ಕಾಣದ್ದನ್ನ ನಂಬಿಸೋದು ಹೆಂಗೆ?

ಒಂದಿನ ಸಾಕಾಗಿ, "ಯಾರ ಮನೇಲಿ ರೇಷ್ಮೆ ಹುಳ ಸಾಕ್ತೀರೇ?" ಅಂದೆ. ಒಬ್ಳು ಕೈ ಎತ್ತಿದ್ಲು.

"ಹೊರಗಿಂದ ಬಂದೋರನ್ನ ಹುಳದ ಮನೆಗೆ ಸೀದಾ ಬಿಡ್ತೀಯಾ?"

"ಅಯ್ಯೋ ಅಕ್ಕಾ, ನಮ್ಮಜ್ಜಿ ಕೊಂದೇ ಹಾಕ್ತಾಳೆ!"

ಬಾಗ್ಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಹಾಕೋದು, ಕೈಕಾಲು ತೊಳೆದು ಒಳಗೆ ಹೋಗೋದು, ಹಾಲುತೊಂಡೆ ಬಂದ ಹುಳನ ಕಡ್ಡೀಲಿ ಆರಿಸಿ ತೆಗೆಯೋದು, ಆ ಕೈಯಲ್ಲಿ ಸೊಪ್ಪು ಮುಟ್ಟದೆ ಇರೋದು, ಎಲ್ಲಾ ಅವಳೇ ಹೇಳಿದ್ಲು. ವಾರ್ಡೂ ಹುಳದ ಮನೆನೇ ಕಣೆ, ಹಾಸಿಗೇಲಿರೋರು ಅಷ್ಟೇ ಸೂಕ್ಷ್ಮ ಅಂದೆ. ಅವತ್ತಿಂದ ನಾನು ನೋಡ್ಲಿ ಬಿಡ್ಲಿ, ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗೋ ಮುಂಚೆ ಅವಳ ಕೈ ನಲ್ಲಿ ಕೆಳಗೆ.

ಇಲ್ಲೀಗಂಟ ಜಂಬ ಕೊಚ್ಕಂಡಿದ್ದಾಯ್ತು. ಒಂದಿನ ಕೆಂಪು ಚೀಲದಲ್ಲಿ ಸೂಜಿ ಸಿಕ್ತು ಅಂತ ಎಲ್ರ ಮುಂದೆ ಹುಡುಗೀರನ್ನ ಬಾಯಿಗ್ ಬಂದಂಗೆ ಬೈದೆ. ಮುಂದಿನ ವಾರ ಅದೇ ಹುಳದ ಮನೆ ಹುಡುಗಿ ಕೆಂಪು ಚೀಲ ಕಟ್ಟುವಾಗ, ಯಾರೋ ಹಾಕಿದ್ದ ಸೂಜಿ ಗ್ಲೌಸು ದಾಟಿ ಹೆಬ್ಬೆರಳಿಗೆ ಚುಚ್ಚಿದೆ. ಹತ್ತಿ ಸುತ್ಕಂಡು ಸುಮ್ನಿದ್ಲು. ಮಾರನೇ ದಿನ ಸಾಯಂಕಾಲ ರೈಲಲ್ಲಿ ಮೆಲ್ಲಗೆ ಕೇಳ್ತಾಳೆ, "ಅಕ್ಕಾ, ಸೂಜಿ ಚುಚ್ಚಿದ್ರೆ ಏನಾಗುತ್ತೆ? ನಂಗಲ್ಲ, ಸುಮ್ನೆ ಕೇಳ್ದೆ."

ಎದೆ ಧಸಕ್ ಅಂತು. ಎಚ್‌ಐವಿ ಬರದಂಗೆ ಕೊಡೋ ಮಾತ್ರೆ ಎರಡು ಗಂಟೆಯೊಳಗೆ ಶುರು ಮಾಡಿದ್ರೆ ಒಳ್ಳೇದು, 72 ಗಂಟೆ ದಾಟ್ಬಾರ್ದು. ಯಾರ ಮೈಗೆ ಹಾಕಿದ್ದ ಸೂಜಿಯೋ ಗೊತ್ತಿಲ್ಲ. ಮಾಲೂರಲ್ಲಿ ಇಳಿಸಿ, ವಾಪಸ್ ರೈಲು ಹತ್ತಿಸಿ ಕರ್ಕಂಡು ಹೋದೆ. 28 ದಿನ ಮಾತ್ರೆ ನುಂಗಿದ್ಲು, ವಾಕರಿಕೆ ಬಂದ್ರೂ ಅಮ್ಮನಿಗೆ ಹೇಳ್ಲಿಲ್ಲ. ಕಾಮಾಲೆ ತರೋ ಹೆಪಟೈಟಿಸ್ ಬಿ ಲಸಿಕೆ ಮೂರು ಸಲ ಹಾಕಿಸ್ಕಬೇಕು, ಅವಳಿಗೆ ಆಗಿದ್ದು ಒಂದೇ. "ಅವತ್ತೇ ಯಾಕೆ ಹೇಳ್ಲಿಲ್ವೇ?" ಅಂದ್ರೆ, "ನೀವು ಬೈತೀರಾ ಅಂತ" ಅಂದ್ಲು. ಮೂರು ತಿಂಗಳಿಗೆ ರಕ್ತ ಪರೀಕ್ಷೆ ಸರಿ ಬರೋವರ್ಗೂ ನಂಗೆ ತುತ್ತು ಸರಿಯಾಗಿ ಇಳೀಲಿಲ್ಲ.

ಈಗ ಬಣ್ಣದ ಪಾಠ ಎರಡ್ನೇ ದಿನ. ಮೊದಲ ದಿನ ಇದೇ ಹೇಳೋದು: ಚುಚ್ಕಂಡ್ರೆ ಹಿಂಡಬೇಡ, ಬಾಯಿಗಿಡಬೇಡ, ಸೋಪು ನೀರಲ್ಲಿ ತೊಳಿ, ರಾತ್ರಿ ಎರಡಾದ್ರೂ ನಂಗೆ ಫೋನ್ ಮಾಡು, ಬೈಯಲ್ಲ.

ಹೋದ ವಾರ ರಾತ್ರಿ ಒಂದೂವರೆಗೆ ಫೋನ್ ಬಂತು. ಇವ್ರು ಮಗ್ಗುಲು ತಿರುಗಿ, "ಯಾರೇ ಅದು ಈ ಹೊತ್ನಲ್ಲಿ?" ಅಂತ ಗೊಣಗಿದ್ರು. ಆ ಕಡೆಯಿಂದ ಸೇರಿ ಎಂಟೇ ದಿನ ಆಗಿದ್ದ ಹುಡುಗಿ, "ಅಕ್ಕಾ, ಚುಚ್ಕಂಡ್ಬಿಟ್ಟೆ. ತೊಳೆದಾಯ್ತು. ಈಗ ಎಲ್ಲಿಗೆ ಹೋಗ್ಲಿ?"