ಬೀಡುಬಿಟ್ಟಿವೆ

ಕಳೆದ ರಜೆಯಲ್ಲಿ ಆಲೂರಿನ ಮನೆಗೆ ಹೋದಾಗ ಅಜ್ಜನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಹಾಗಾಗಿ ಪೇಪರ್ ಓದಿ ಹೇಳೋ ಡ್ಯೂಟಿ ನನ್ನದು. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಚೆನ್ನಾಗಿ ಮಾತಾಡ್ತೀನಿ, ಓದೋದು ಮಾತ್ರ ಬಸ್ ಬೋರ್ಡ್ ಮಟ್ಟದ್ದು.

ಕಾಫಿ ರೇಟು ಹೇಗೋ ಮುಗೀತು. ಆಮೇಲೆ ಕಾಡಾನೆ ಸುದ್ದಿ. ನಮ್ಮ ಪಕ್ಕದೂರಿನ ತೋಟದಲ್ಲಿ ಆನೆಗಳು ‘ಬೀಡುಬಿಟ್ಟಿವೆ’ ಅಂತ ಇತ್ತು. ನನಗೆ ಅರ್ಥ ಆಗಿದ್ದು ‘ಬಿಟ್ಟಿವೆ’ ಅನ್ನೋದಷ್ಟೇ.

"ಆನೆಗಳು ಬಿಟ್ಟು ಹೋಗಿವೆಯಂತೆ ಅಜ್ಜ" ಅಂದೆ.

ಅಜ್ಜ ಕೋಲು ಹಿಡಿದು ತೋಟಕ್ಕೆ ಹೊರಟೇಬಿಟ್ಟರು. ಅಡುಗೆಮನೆಯಿಂದ ಅಜ್ಜಿ, "ಲೋ ಮಗ, ಅಲ್ಲಿರೋದನ್ನ ಇದ್ದ ಹಾಗೇ ಓದು" ಅಂದರು. ಓದಿದೆ. "ಬೀಡುಬಿಟ್ಟಿವೆ ಅಂದ್ರೆ ಅಲ್ಲೇ ಠಿಕಾಣಿ ಹೂಡಿವೆ ಅಂತ ಕಣೋ!" ಅಜ್ಜ ಏನೂ ಬೈಯಲಿಲ್ಲ, ವಾಪಸ್ ಬಂದು ಕೂತರು. ನನ್ನ ಕೈ ಮಾತ್ರ ನಡುಗ್ತಿತ್ತು.

ಜುಲೈ 1 ಕರ್ನಾಟಕದಲ್ಲಿ ಪತ್ರಿಕಾ ದಿನ. 1843ರ ಅದೇ ದಿನ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು. ಶಿರಾಡಿ ಘಾಟಿ ಇಳಿದರೆ ಸಿಗೋ ಅದೇ ಮಂಗಳೂರು. ಸಂಪಾದಕರು ಜರ್ಮನಿಯ ಹರ್ಮನ್ ಮೋಗ್ಲಿಂಗ್. 1836ರಲ್ಲಿ ಬಾಸೆಲ್ ಮಿಷನ್ ಪರವಾಗಿ ಬಂದವರು. ಧರ್ಮಪ್ರಚಾರಕ್ಕೆ ಬಂದವರು ನಿಜ, ಆದರೆ ಪತ್ರಿಕೆಯಲ್ಲಿ ಊರಿನ ಸುದ್ದಿ, ಸರ್ಕಾರದ ಆದೇಶ, ಬೇರೆ ರಾಜ್ಯಗಳ ವರ್ತಮಾನ, ಕಥೆ ಎಲ್ಲವೂ ಇರುತ್ತಿದ್ದವು. ಹದಿನೈದು ದಿನಕ್ಕೊಂದು ಸಂಚಿಕೆ, ಬೆಲೆ ಒಂದು ದುಡ್ಡು.

ಮುದ್ರಣ ಕಲ್ಲಚ್ಚಿನಲ್ಲಿ. ನಮ್ಮಂಥ ಇಂಜಿನಿಯರಿಂಗ್‌ನವರಿಗೆ ಇದು ಇಷ್ಟ ಆಗುತ್ತೆ: ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯ ಅಕ್ಷರ ಮೂಡಿಸಿ, ಕಲ್ಲನ್ನು ಒದ್ದೆ ಮಾಡ್ತಾರೆ. ಎಣ್ಣೆಗೂ ನೀರಿಗೂ ಆಗಿಬರಲ್ಲವಲ್ಲ, ಹಾಗಾಗಿ ಆಮೇಲೆ ಹಚ್ಚುವ ಮಸಿ ಅಕ್ಷರಕ್ಕಷ್ಟೇ ಅಂಟುತ್ತೆ. ಅಂದರೆ ಆ ಪತ್ರಿಕೆಯ ಒಂದೊಂದು ಅಕ್ಷರವನ್ನೂ ಯಾರೋ ಕೈಯಲ್ಲೇ ಬರೆದಿದ್ದರು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು.

ಜರ್ಮನಿಯಿಂದ ಬಂದು ಏಳೇ ವರ್ಷದಲ್ಲಿ ಒಬ್ಬರು ಕನ್ನಡ ಪತ್ರಿಕೆ ಮಾಡಿದರು. ಹತ್ತೊಂಬತ್ತು ವರ್ಷದಿಂದ ಇಲ್ಲೇ ಇರೋ ನಾನು ಒಂದು ಕ್ರಿಯಾಪದ ತಪ್ಪು ಓದಿ ಅಜ್ಜನನ್ನ ಆನೆ ಬಾಯಿಗೆ ಕಳಿಸ್ತಿದ್ದೆ.

ಈಗ ಅಜ್ಜನ ಕಣ್ಣು ಸರಿಯಾಗಿದೆ. ಆದರೂ ರಾತ್ರಿ ಹಾಸ್ಟೆಲ್‌ನಿಂದ ಫೋನ್ ಮಾಡಿ ಒಂದು ಸುದ್ದಿ ಓದ್ತೀನಿ, ಅವರು ತಿದ್ದುತ್ತಾರೆ. ಈ ಲೇಖನದಲ್ಲೂ ತಪ್ಪಿದ್ದರೆ ನೀವೂ ತಿದ್ದಿ.